ಜವಾರಿ ಆಕಳಿಗೆ ರೋಗ ಬರುವುದಿಲ್ಲವೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ದನಕರುಗಳ ಮಾತು ಬಂದಾಗಲೆಲ್ಲ ಒಂದು ತೀರ್ಮಾನ ಕೇಳಿಬರುತ್ತದೆ. ಜವಾರಿ ಆಕಳಿಗೆ ರೋಗ ಬರುವುದಿಲ್ಲ. ಎಚ್‌ಎಫ್, ಜರ್ಸಿ ಆಕಳಿಗೆ ತಾಳಿಕೆ ಇಲ್ಲ. ರೈತರು ಇದನ್ನು ಅನುಭವದಿಂದ ಹೇಳುತ್ತಾರೆ. ಪಟ್ಟಣದ ವಿದ್ಯಾವಂತರು ಅದನ್ನೇ ತುಸು ಹಿಗ್ಗಿಸಿ, ನಮ್ಮ ತಳಿಯ ರಕ್ತದೊಳಗೆ ರೋಗಾಣುವಿಗೆ ಪ್ರವೇಶವೇ ಇಲ್ಲ ಎನ್ನುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ, ಮಿಶ್ರತಳಿ ತಂದದ್ದೇ ತಪ್ಪು, ಬೆರಕೆಯೇ ರೋಗದ ಮೂಲ ಎಂದು ತೀರ್ಪು ಕೊಡುತ್ತಾರೆ. ಈ ಮಾತುಗಳ ಹಿಂದಿರುವ ಅಭಿಮಾನದ ಬಗ್ಗೆ ನನಗೆ ಗೌರವವಿದೆ. ಅನುಭವದ ಭಾಗವನ್ನು ನಾನೂ ಒಪ್ಪುತ್ತೇನೆ. ಆದರೆ ಆ ಅನುಭವದಿಂದ ತೆಗೆದ ತೀರ್ಮಾನವನ್ನು ಒಪ್ಪಲಾರೆ. ಏಕೆಂದರೆ ಹಾಲು ಕೊಡುತ್ತಿದ್ದ ಎಷ್ಟೋ ಆಕಳುಗಳನ್ನು ನಮ್ಮ ಕೊಟ್ಟಿಗೆಗಳು ಕಳೆದುಕೊಳ್ಳಲು ಈ ತಪ್ಪು ತೀರ್ಮಾನವೂ ಒಂದು ಕಾರಣ ಎಂದು ನನಗೆ ಅನ್ನಿಸಿದೆ.

ವಾದ ಗಾಳಿಯಲ್ಲಿ ನಿಲ್ಲಬಾರದು. ಎಲ್ಲ ರೋಗಗಳನ್ನೂ ಎಳೆದು ತರದೆ ಒಂದನ್ನೇ ಮುಂದಿಟ್ಟುಕೊಳ್ಳೋಣ. ದನದ ಡಾಕ್ಟರು ಥೈಲೇರಿಯಾ ಎಂದು ಕರೆಯುವ, ಉಣ್ಣಿಯಿಂದ, ಅಂದರೆ ಉಣುಗಿನಿಂದ, ಬರುವ ಜ್ವರ ಅದು. ಅದನ್ನು ತರುವ ಜೀವಿಯ ಪೂರ್ಣ ಹೆಸರು ಥೈಲೇರಿಯಾ ಆನ್ಯುಲೇಟ. 1904ರಲ್ಲಿ ಕಾಕಸಸ್ ಪರ್ವತ ಸೀಮೆಯ ದನಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿ ವಿವರಿಸಿದರು. ಇದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಮಲೇರಿಯಾ ತರುವ ಜೀವಿಯ ದಾಯಾದಿ, ಒಂದೇ ಕೋಶದ ಪರೋಪಜೀವಿ. ಇದು ಹತ್ತಿದ ಎಚ್‌ಎಫ್ ಆಕಳಿಗೆ ಜ್ವರ 104 ಡಿಗ್ರಿ ದಾಟುತ್ತದೆ. ಹೆಗಲ ಮುಂದಿನ ಗಂಟು ಉಬ್ಬುತ್ತದೆ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ, ಉಸಿರು ಏದುತ್ತದೆ. ಕೆಲವು ದಿನಗಳಲ್ಲಿ ಕಣ್ಣಿನ ಒಳಪದರ ಬಿಳಿಚಿಕೊಂಡು ಆಮೇಲೆ ಹಳದಿಗೆ ತಿರುಗುತ್ತದೆ. ಸಕಾಲಕ್ಕೆ ಚಿಕಿತ್ಸೆ ಸಿಗದಿದ್ದರೆ ಆಕಳು ಉಳಿಯುವುದು ಕಷ್ಟ. ಅದೇ ಗೋದಲಿಯಲ್ಲಿ ಮೇವು ತಿಂದ ಕಿಲಾರಿ ಆಕಳು ಪಕ್ಕದಲ್ಲೇ ನಿಂತು ಮೆಲುಕು ಹಾಕುತ್ತಿರುತ್ತದೆ. ಇದನ್ನು ಕಣ್ಣಾರೆ ಕಂಡವರು, ಜವಾರಿಗೆ ರೋಗ ತಾಗಲಿಲ್ಲ ಎಂದು ಹೇಳಿದರೆ ಅದು ಸಹಜ.

ಆದರೆ ತಾಗಲಿಲ್ಲವೆಂಬುದು ನಿಜವೇ? ಇದನ್ನು ತಿಳಿಯಬೇಕಾದರೆ ಈ ಜೀವಿ ದನದ ಕೋಶದೊಳಗೆ ಹೇಗೆ ಹೊಗುತ್ತದೆ, ಒಳಗೆ ಹೇಗೆ ನಡೆದಾಡುತ್ತದೆ ಎಂಬುದನ್ನು ನೋಡಬೇಕು. ರೋಗಾಣು ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ದಾಳಿಯ ಚಿತ್ರ. ಹೊರಗಿನಿಂದ ವೈರಿ ಬರುತ್ತಾನೆ, ಗೋಡೆ ಒಡೆಯುತ್ತಾನೆ, ಒಳಗಿನದನ್ನು ಹಾಳು ಮಾಡುತ್ತಾನೆ. ಗೋಡೆ ಗಟ್ಟಿಯಿದ್ದ ಮೈ ಉಳಿಯುತ್ತದೆ, ಗೋಡೆ ಸಡಿಲಿದ್ದ ಮೈ ಬೀಳುತ್ತದೆ. ಜವಾರಿ ಗಟ್ಟಿ, ಎಚ್‌ಎಫ್ ಸಡಿಲು ಎಂಬ ನಂಬಿಕೆ ನಿಂತಿರುವುದು ಈ ಚಿತ್ರದ ಮೇಲೆಯೇ.

ಕೆಲವು ಪರೋಪಜೀವಿಗಳ ಮಟ್ಟಿಗೆ ಈ ಚಿತ್ರ ಸುಳ್ಳಲ್ಲ. ಮಲೇರಿಯಾದ ಜೀವಿ ಕೆಂಪು ರಕ್ತಕಣಕ್ಕೆ ಮೊದಲು ಅಂಟಿಕೊಳ್ಳುತ್ತದೆ. ಆಮೇಲೆ ಹೊರಳಿ ತನ್ನ ಚೂಪಾದ ತುದಿಯನ್ನು ಕಣಕ್ಕೆ ಎದುರು ಮಾಡಿಕೊಳ್ಳುತ್ತದೆ. ಆ ತುದಿಯಿಂದ ಪ್ರೊಟೀನುಗಳನ್ನು ಹೊರಚೆಲ್ಲಿ ಕಣದ ಪೊರೆಯ ಮೇಲೆ ಒಂದು ಬಿಗಿಯಾದ ಉಂಗುರ ಹೂಡುತ್ತದೆ. ತನ್ನೊಳಗಿನ ಆಕ್ಟಿನ್, ಮಯೋಸಿನ್ ಎಳೆಗಳ ಬಲದಿಂದ ಆ ಉಂಗುರದ ಮೂಲಕ ತನ್ನನ್ನು ತಾನೇ ಒಳಗೆ ತಳ್ಳಿಕೊಳ್ಳುತ್ತದೆ. ಇಷ್ಟೆಲ್ಲ ಅರ್ಧ ನಿಮಿಷ, ಒಂದು ನಿಮಿಷದಲ್ಲಿ ಮುಗಿಯುತ್ತದೆ. ಬೆಕ್ಕಿನಿಂದ ಹರಡುವ ಟಾಕ್ಸೊಪ್ಲಾಸ್ಮಾ ಕೂಡ ಇದೇ ರೀತಿ ಜಾರುತ್ತ ಸಾಗಿ ಒಳಗೆ ಹೊಗುತ್ತದೆ. ಇಬ್ಬರೂ ಒಳಗೆ ಬಂದ ಮೇಲೆ ತಮ್ಮ ಸುತ್ತ ಪೊರೆಯ ಒಂದು ಚೀಲ ಕಟ್ಟಿಕೊಂಡು ಅದರೊಳಗೆ ಬೆಳೆಯುತ್ತಾರೆ.

ಥೈಲೇರಿಯಾದ ನಡವಳಿಕೆಯೇ ಬೇರೆ. ಉಣ್ಣಿಯ ಜೊಲ್ಲಿನ ಜೊತೆ ದನದ ಮೈಗಿಳಿಯುವ ಅದರ ಮರಿ ಒಂದು ಮೈಕ್ರಾನಿನ ಆಸುಪಾಸಿನದು, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ಅದು ಜಾರುವುದಿಲ್ಲ, ಚಲಿಸುವುದಿಲ್ಲ, ತುದಿಯನ್ನು ತಿರುಗಿಸಿಕೊಳ್ಳುವ ಗೋಜಿಗೂ ಹೋಗುವುದಿಲ್ಲ. ಯಾವ ಮಗ್ಗುಲಿನಿಂದ ತಾಗಿದರೂ ಅಂಟಿಕೊಳ್ಳುತ್ತದೆ. ಆಫ್ರಿಕಾದಲ್ಲಿರುವ ಇದರ ದಾಯಾದಿ ಥೈಲೇರಿಯಾ ಪಾರ್ವದ ಮೇಲೆ ನಡೆದ ಪ್ರಯೋಗಗಳಲ್ಲಿ, ಮಂಜುಗಡ್ಡೆಯಷ್ಟು ತಣ್ಣಗಿನ ದ್ರವದಲ್ಲೂ ಈ ಅಂಟಿಕೊಳ್ಳುವಿಕೆ ನಡೆದದ್ದು ಕಂಡಿದೆ. ಅಂದರೆ ಮೊದಲ ಹೆಜ್ಜೆಗೆ ಅದು ಬಲವನ್ನೇ ಖರ್ಚು ಮಾಡುವುದಿಲ್ಲ. ಬಳಿಕ ಕೋಶದ ಪೊರೆ ಅದರ ಸುತ್ತ ಹಂತಹಂತವಾಗಿ ಮುಚ್ಚಿಕೊಳ್ಳುತ್ತ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಅದು ಸೇರುವ ಮುಖ್ಯ ಕೋಶ ಯಾವುದು? ಮ್ಯಾಕ್ರೊಫೇಜ್ ಮತ್ತು ಅದರ ಬಳಗದ ಬಿಳಿ ರಕ್ತಕಣಗಳು. ರೋಗಾಣುವನ್ನು ಕಂಡಲ್ಲಿ ನುಂಗುವುದೇ ಈ ಕಣಗಳ ಕಸುಬು. ಗೋಡೆ ಎಷ್ಟೇ ಗಟ್ಟಿಯಿದ್ದರೂ ನುಂಗುವ ಕೋಶ ತಾನಾಗಿ ಒಳಗೆ ತೆಗೆದುಕೊಂಡದ್ದನ್ನು ಗೋಡೆ ತಡೆಯಲಾರದು. ಜವಾರಿ ಆಕಳಿನ ಮ್ಯಾಕ್ರೊಫೇಜೂ ನುಂಗುತ್ತದೆ, ಎಚ್‌ಎಫ್‌ನದೂ ನುಂಗುತ್ತದೆ.

ನುಂಗಿದ್ದನ್ನು ಅರಗಿಸಿ ಮುಗಿಸುವ ವ್ಯವಸ್ಥೆ ಆ ಕೋಶದಲ್ಲಿದೆ. ಥೈಲೇರಿಯಾ ಅದಕ್ಕೂ ಸಿಗುವುದಿಲ್ಲ. ಒಳಗೆ ಬಂದ ಕೆಲವೇ ನಿಮಿಷಗಳಲ್ಲಿ ತನ್ನನ್ನು ಸುತ್ತಿದ ಪೊರೆಯನ್ನು ಕರಗಿಸಿ ಕೋಶದ ರಸದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಮಲೇರಿಯಾದ ಜೀವಿಯಂತೆ ಚೀಲ ಕಟ್ಟಿಕೊಳ್ಳುವುದಿಲ್ಲ. ಕೋಶದೊಳಗೆ ಸಾಮಾನು ಸಾಗಿಸಲು ಇರುವ ಸೂಕ್ಷ್ಮ ನಳಿಕೆಗಳನ್ನೇ ತನ್ನ ಮೈಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಬೆಳೆದು, ಹಲವು ಕೋಶಕೇಂದ್ರಗಳಿರುವ ಸ್ಕಿಜಾಂಟ್ ಆಗುತ್ತದೆ. ಸೂಕ್ಷ್ಮದರ್ಶಕದಡಿ ನೀಲಿಯಾಗಿ ಕಾಣುವ ಈ ರೂಪಕ್ಕೆ ರಾಬರ್ಟ್ ಕಾಖ್ ಹೆಸರಿನಲ್ಲಿ ಕಾಖ್‌ನ ನೀಲಿ ಕಾಯ ಎನ್ನುತ್ತಾರೆ.

ಇಲ್ಲಿಂದ ಮುಂದಿನದು ಇಡೀ ಜೀವಶಾಸ್ತ್ರದಲ್ಲೇ ಅಪರೂಪದ ಸಂಗತಿ. ಥೈಲೇರಿಯಾ ತಾನು ಸೇರಿದ ಕೋಶವನ್ನು ಕೊಲ್ಲುವುದಿಲ್ಲ. ಅದನ್ನು ಸಾಯಲೂ ಬಿಡುವುದಿಲ್ಲ. ಸಾಯಬೇಕಾದ ಕಾಲಕ್ಕೆ ಸಾಯುವ ಆಜ್ಞೆಯನ್ನು ತಡೆದು, ಒಡೆದು ಎರಡಾಗುವ ಆಜ್ಞೆಯನ್ನು ಸದಾ ಜಾರಿಯಲ್ಲಿಡುತ್ತದೆ. ಕೋಶ ಒಡೆಯುವಾಗ ಅದು ಮಾಡುವ ಕೆಲಸವನ್ನು ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ಬಿಡಿಸಿ ತೋರಿಸಿತು. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಹಂಚಲು ಕದಿರಿನೆಳೆಗಳು ಹುಟ್ಟುತ್ತವೆ. ಥೈಲೇರಿಯಾ ಆ ಎಳೆಗಳನ್ನು ಹಿಡಿದು, ಕೋಶದ ಮಧ್ಯಕ್ಕೆ ಅಡ್ಡಲಾಗಿ ಮಲಗಿಬಿಡುತ್ತದೆ. ಬನಹಟ್ಟಿಯ ಮಗ್ಗದ ಹಾಸಿನಲ್ಲಿ ಒಂದು ಎಳೆ ಸೇರಿಹೋದರೆ, ನೇಯ್ದ ಬಟ್ಟೆಯನ್ನು ನಡುವೆ ಅಡ್ಡ ಕತ್ತರಿಸಿದರೂ ಆ ಎಳೆ ಎರಡೂ ತುಂಡುಗಳಲ್ಲಿ ಇದ್ದೇ ಇರುತ್ತದೆ; ಇಲ್ಲಿಯೂ ಹಾಗೆಯೇ, ಕೋಶ ಎರಡಾದಾಗ ಪರೋಪಜೀವಿಯೂ ಎರಡಾಗಿ ಎರಡೂ ಮರಿಕೋಶಗಳಿಗೆ ಹೋಗುತ್ತದೆ. ಅದು ಮತ್ತೆ ಹೊರಗೆ ಬರಬೇಕಿಲ್ಲ, ಹೊಸ ಕೋಶವನ್ನು ಹುಡುಕಬೇಕಿಲ್ಲ, ರಕ್ತದಲ್ಲಿ ಓಡಾಡುವ ಪ್ರತಿಕಾಯಗಳ ಕಣ್ಣಿಗೆ ಬೀಳಬೇಕಿಲ್ಲ. ದನದ ಮೈಯ ತುಂಬ ಅದನ್ನು ಹೊತ್ತು ತಿರುಗುವುದು ದನದ ಸ್ವಂತ ಕೋಶಗಳೇ. ಅಂಥ ಕೋಶಗಳು ಸುತ್ತಲಿನ ಅಂಗಾಂಶವನ್ನು ಕರಗಿಸುವ ರಸಗಳನ್ನು ಸೂಸುತ್ತ ಗಂಟುಗಳಿಂದ ಶ್ವಾಸಕೋಶಕ್ಕೆ, ಯಕೃತ್ತಿಗೆ, ಗುಲ್ಮಕ್ಕೆ ಹರಡುತ್ತವೆ. ಕೊನೆಗೆ ಪರೋಪಜೀವಿ ಇನ್ನೊಂದು ರೂಪ ತಾಳಿ ಕೆಂಪು ರಕ್ತಕಣಗಳನ್ನು ಸೇರುತ್ತದೆ, ಮುಂದಿನ ಉಣ್ಣಿಗಾಗಿ ಕಾಯುತ್ತದೆ.

ಕ್ಯಾನ್ಸರಿನಲ್ಲಿ ಆಗುವುದೂ ಬಹುಪಾಲು ಇದೇ. ವ್ಯತ್ಯಾಸವೆಂದರೆ, ಔಷಧದಿಂದ ಪರೋಪಜೀವಿಯನ್ನು ಕೊಂದರೆ ಕೋಶ ಮಿತಿಯಿಲ್ಲದೆ ಒಡೆಯುವುದನ್ನು ನಿಲ್ಲಿಸುತ್ತದೆ. ಕ್ಯಾನ್ಸರನ್ನು ಅರಿಯುವ ಆಸೆಯಿಂದ ಎಷ್ಟೋ ವಿಜ್ಞಾನಿಗಳು ಈ ದನದ ರೋಗವನ್ನು ಅಭ್ಯಾಸ ಮಾಡುತ್ತಿರುವುದು ಇದೇ ಕಾರಣಕ್ಕೆ. 2005ರಲ್ಲಿ ಇದರ ಸಂಪೂರ್ಣ ಜೀನೋಮು ಕೂಡ ಪ್ರಕಟವಾಯಿತು.

ಮೊದಲಿನ ಪ್ರಶ್ನೆಗೆ ಮರಳುವ ಮುನ್ನ ಇನ್ನೊಂದು ಪ್ರಶ್ನೆ. ಪರೋಪಜೀವಿ ಕೋಶವನ್ನು ಕೊಲ್ಲದಿದ್ದರೆ ಆಕಳು ಸಾಯುವುದೇಕೆ? ಪರೋಪಜೀವಿ ಹೊಕ್ಕ ಮ್ಯಾಕ್ರೊಫೇಜುಗಳೂ, ಅವುಗಳಿಂದ ಕೆರಳಿದ ಇತರ ಕಣಗಳೂ ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಅಳತೆ ಮೀರಿ ಸುರಿಸುತ್ತವೆ. ಜ್ವರ, ಊತ, ರಕ್ತಹೀನತೆ, ಶ್ವಾಸಕೋಶಕ್ಕೆ ನೀರು ತುಂಬುವುದು, ಇವುಗಳಲ್ಲಿ ದೊಡ್ಡ ಪಾಲು ಆಕಳಿನ ಮೈ ಕೊಡುವ ಉತ್ತರದ್ದೇ. ಎಡಿನ್‌ಬರೊ ಬಳಿಯ ರಾಸ್ಲಿನ್ ಸಂಸ್ಥೆಯ ಎಲಿಜಬೆತ್ ಗ್ಲಾಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿಕೊಟ್ಟಿದೆ. ಅವರು ಭಾರತ ಉಪಖಂಡ ಮೂಲದ ಸಹಿವಾಲ್ ಕರುಗಳಿಗೂ ಹಾಲ್‌ಸ್ಟೀನ್, ಅಂದರೆ ಎಚ್‌ಎಫ್, ಕರುಗಳಿಗೂ ಒಂದೇ ಬಗೆಯ ಸೋಂಕು ಕೊಟ್ಟು ನೋಡಿದರು. ಎರಡರ ಮೈಯಲ್ಲೂ ಪರೋಪಜೀವಿ ನೆಲೆಯೂರಿತು. ಆದರೆ ಸಹಿವಾಲ್ ಕರುಗಳಿಗೆ ಜ್ವರ ಕಡಿಮೆ ಬಂತು, ಉರಿಯೂತವನ್ನು ಸೂಚಿಸುವ ಪ್ರೊಟೀನುಗಳು ರಕ್ತದಲ್ಲಿ ಕಡಿಮೆ ಏರಿದವು, ಚಿಕಿತ್ಸೆಯಿಲ್ಲದೆ ಅವು ಚೇತರಿಸಿಕೊಂಡವು. ಸಹಿವಾಲ್ ಪಂಜಾಬಿನ ತಳಿ, ನಮ್ಮ ಕಿಲಾರಿಯಲ್ಲ, ನಿಜ. ಆದರೆ ಎರಡೂ ಹಿಣಿಲಿರುವ ಒಂದೇ ಜಾತಿಯ ದನಗಳು. ನಮ್ಮ ಕೊಟ್ಟಿಗೆಯಲ್ಲಿ ಕಾಣುವುದಕ್ಕೂ ಈ ಪ್ರಯೋಗಕ್ಕೂ ತಾಳೆ ಬೀಳುತ್ತದೆ.

ಜವಾರಿ ಆಕಳಿನ ಹೆಚ್ಚುಗಾರಿಕೆ ಹಾಗಾದರೆ ಎಲ್ಲಿದೆ? ರೋಗಾಣುವನ್ನು ಬಾಗಿಲಲ್ಲಿ ತಡೆಯುವುದರಲ್ಲಿ ಇಲ್ಲ. ಒಳಗೆ ಬಂದ ಮೇಲೆ ಅದರ ಜೊತೆ ಅಳತೆ ತಪ್ಪದಂತೆ ನಡೆದುಕೊಳ್ಳುವುದರಲ್ಲಿದೆ. ಈ ಎರಡನ್ನೂ ಬೇರೆ ಬೇರೆಯಾಗಿ ಕಾಣುವುದು ಬಹಳ ಮುಖ್ಯ. ಮನುಷ್ಯರಲ್ಲೂ ಎರಡೂ ಬಗೆಗಳಿವೆ. ಪಶ್ಚಿಮ ಆಫ್ರಿಕಾದ ಬಹುತೇಕ ಜನರ ಕೆಂಪು ರಕ್ತಕಣಗಳ ಮೇಲೆ ಡಫಿ ಎಂಬ ಪ್ರೊಟೀನು ಇರುವುದಿಲ್ಲ. ಅದನ್ನು ಹಿಡಿದೇ ಒಳಗೆ ಹೊಗುವ ವೈವಾಕ್ಸ್ ಮಲೇರಿಯಾ ಅವರಲ್ಲಿ ಬಹುಮಟ್ಟಿಗೆ ನಿಲ್ಲುವುದಿಲ್ಲ ಎಂದು ಲೂಯಿ ಮಿಲ್ಲರ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು. ಇದು ಬಾಗಿಲಲ್ಲೇ ತಡೆಯುವ ಬಗೆ. ಕುಡಗೋಲು ಕಣದ ಗುಣವನ್ನು ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಪಡೆದವರ ರಕ್ತದೊಳಗೆ ಮಲೇರಿಯಾ ಹೊಗುತ್ತದೆ, ಆದರೆ ಅದು ಪ್ರಾಣಕ್ಕೆ ಬರುವಷ್ಟು ಕೆರಳುವುದು ಕಡಿಮೆ. ಈ ರಕ್ಷಣೆಯನ್ನು ಆಂಟನಿ ಆಲಿಸನ್ 1954ರಲ್ಲಿ ಬೆಳಕಿಗೆ ತಂದರು. ನಮ್ಮ ರಾಜ್ಯದ ಕೆಲವು ಬುಡಕಟ್ಟುಗಳಲ್ಲೂ ಈ ಗುಣವಿದೆ. ಇದು ಒಳಗೆ ಬಂದದ್ದನ್ನು ತಾಳಿಕೊಳ್ಳುವ ಬಗೆ. ಮೊದಲ ಬಗೆಯವರು ಪಕ್ಕದ ಮನೆಯವರಿಗೆ ರೋಗ ದಾಟಿಸುವುದಿಲ್ಲ. ಎರಡನೆಯ ಬಗೆಯವರು ಆರೋಗ್ಯವಾಗಿದ್ದುಕೊಂಡೇ ದಾಟಿಸಬಲ್ಲರು. ನಮ್ಮ ಜವಾರಿ ಆಕಳು ಈ ಎರಡನೆಯ ಬಗೆಗೆ ಸೇರಿದ್ದು.

ನನ್ನ ಭಿನ್ನಮತದ ತಿರುಳು ಇದೇ. ಇದು ಬರೀ ಪಂಡಿತರ ತರ್ಕವಲ್ಲ ಎಂಬುದಕ್ಕೆ ಉಣ್ಣಿಯ ಬದುಕೇ ಸಾಕ್ಷಿ. ನಮ್ಮಲ್ಲಿ ಥೈಲೇರಿಯಾ ಹರಡುವ ಮುಖ್ಯ ಉಣ್ಣಿ ಹಯಲೊಮಾ ಬಳಗದ್ದು, ಕಾಲುಗಳ ಮೇಲೆ ಪಟ್ಟೆಗಳಿರುವಂಥದು. ಈ ಉಣ್ಣಿ ತನ್ನ ಮೊಟ್ಟೆಗಳಿಗೆ ರೋಗ ದಾಟಿಸುವುದಿಲ್ಲ. ಅಂದರೆ ಮೊಟ್ಟೆಯೊಡೆದು ಬಂದ ಮರಿಉಣ್ಣಿಯ ಜೊಲ್ಲಿನಲ್ಲಿ ಥೈಲೇರಿಯಾ ಇರುವುದಿಲ್ಲ. ಅದು ಮೊದಲು ಒಂದು ಸೋಂಕಿತ ದನದ ರಕ್ತ ಹೀರಬೇಕು, ಕೆಳಗೆ ಬಿದ್ದು ಪೊರೆ ಕಳಚಿ ಮುಂದಿನ ಹಂತಕ್ಕೆ ಬೆಳೆಯಬೇಕು, ಆಮೇಲೆ ಇನ್ನೊಂದು ದನಕ್ಕೆ ಹತ್ತಬೇಕು. ಆಗ ಮಾತ್ರ ರೋಗ ದಾಟುತ್ತದೆ. ಹಾಗಿದ್ದರೆ ನಿಮ್ಮ ಎಚ್‌ಎಫ್ ಆಕಳಿಗೆ ಬಂದ ಥೈಲೇರಿಯಾ ಯಾವುದೋ ಒಂದು ದನದ ರಕ್ತದಿಂದಲೇ ಬಂದಿರಬೇಕು. ಅದು ಯಾರ ರಕ್ತ? ಸುತ್ತಮುತ್ತ ಜ್ವರವಿಲ್ಲದೆ, ಹಾಲು ಕಡಿಮೆಯಾಗದೆ, ವರ್ಷಗಟ್ಟಲೆ ಈ ಜೀವಿಯನ್ನು ರಕ್ತದಲ್ಲಿಟ್ಟುಕೊಂಡು ನಿಂತಿರುವ ದನಗಳು ಯಾವುವು? ಜವಾರಿ ಆಕಳು, ಎತ್ತು, ಎಮ್ಮೆ, ಮತ್ತು ಒಮ್ಮೆ ರೋಗ ಬಂದು ವಾಸಿಯಾದ ಮಿಶ್ರತಳಿ ಆಕಳು. ರೋಗವೇ ಬರುವುದಿಲ್ಲ ಎಂದು ನಾವು ನಂಬಿದ ದನಗಳ ಮೈಮೇಲಿನ ಉಣ್ಣಿಯನ್ನು ನಾವು ಬಿಟ್ಟುಬಿಡುತ್ತೇವೆ. ಎಚ್‌ಎಫ್ ಆಕಳಿಗೆ ಮಾತ್ರ ಔಷಧ ಹಚ್ಚುತ್ತೇವೆ. ಮೂಲವನ್ನು ಹಾಗೇ ಬಿಟ್ಟು ಬುಡಕ್ಕೆ ಬಂದ ಮೇಲೆ ಪರದಾಡುತ್ತೇವೆ.

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೂರೂ ವಿಚಾರಕ್ಕೆ ಯೋಗ್ಯವಾದವು.

ಮೊದಲನೆಯದು: ಮುತ್ಯಾನ ಕಾಲದಲ್ಲೂ ಉಣ್ಣಿ ಇತ್ತು, ಆಗ ಯಾವ ದನವೂ ಹೀಗೆ ಸಾಯಲಿಲ್ಲ. ಇದು ಬಹುಮಟ್ಟಿಗೆ ಸರಿ. ಅದರ ಕಾರಣವೂ ಈಗ ಗೊತ್ತಿದೆ. ಉಣ್ಣಿ ಸದಾ ಇರುವ ಸೀಮೆಯಲ್ಲಿ ಹುಟ್ಟಿದ ಜವಾರಿ ಕರುವಿಗೆ ಎಳೆಯ ವಯಸ್ಸಿನಲ್ಲೇ ಸ್ವಲ್ಪ ಸ್ವಲ್ಪ ಸೋಂಕು ತಾಗುತ್ತದೆ. ಅದು ತಾಳಿಕೊಂಡು ಬೆಳೆಯುತ್ತದೆ, ರಕ್ಷಣೆ ಪಡೆಯುತ್ತದೆ. ಆದರೆ ಅದೇ ಜವಾರಿ ಕರು ಎಳೆಯದಿರುವಾಗ ಒಮ್ಮೆಲೇ ನೂರಾರು ಉಣ್ಣಿ ಹತ್ತಿದರೆ ಸಾಯುವುದೂ ಉಂಟು. ಅಂದು ಅದನ್ನು ಕರುವಿನ ದೋಷವೆಂದೋ ದೃಷ್ಟಿಯೆಂದೋ ಬಿಟ್ಟಿರಬಹುದು. ಹಿಂದಿನವರು ಕಂಡದ್ದು ಸುಳ್ಳಲ್ಲ. ಅವರು ಕಂಡದ್ದು ತಾಳಿಕೆಯನ್ನು. ಅದನ್ನು ಸೋಂಕಿಲ್ಲದಿರುವಿಕೆ ಎಂದು ಓದಿದ್ದು ನಾವು.

ಎರಡನೆಯದು: ಹಾಗಾದರೆ ಎಚ್‌ಎಫ್ ಬಿಟ್ಟು ಶುದ್ಧ ಜವಾರಿಗೇ ಮರಳಬಾರದೇಕೆ? ಜವಾರಿ ಉಳಿಯಬೇಕೆಂಬ ಆಸೆ ನನ್ನದೂ ಹೌದು. ಆದರೆ ಬೆರಕೆಯನ್ನು ದೂಷಿಸುವ ಮುನ್ನ ನಮ್ಮ ನದಿಯ ಹೆಸರನ್ನೇ ಹೊತ್ತ ಕೃಷ್ಣಾ ಕಣಿವೆ ತಳಿಯನ್ನು ನೆನೆಯಬೇಕು. ಕರಿಯೆರೆ ಭೂಮಿಯನ್ನು ಉಳಲೆಂದೇ 19ನೇ ಶತಮಾನದ ಕೊನೆಯ ಭಾಗದಲ್ಲಿ, ಸಾಂಗ್ಲಿಯ ಪಟವರ್ಧನ ಸಂಸ್ಥಾನಿಕರ ಆಸಕ್ತಿಯಿಂದ ರೂಪುಗೊಂಡ ಈ ತಳಿಯಲ್ಲಿ ಗುಜರಾತಿನ ಗಿರ್, ಆಂಧ್ರದ ಓಂಗೋಲ್ ಮತ್ತು ಸ್ಥಳೀಯ ದನಗಳ ರಕ್ತ ಕೂಡಿದೆ. ಇಂದು ನಾವು ಹೆಮ್ಮೆಯಿಂದ ನಮ್ಮದೆನ್ನುವ ತಳಿ ಅಂದಿನ ಬೆರಕೆ. ಬೆರಕೆ ರೋಗ ಹುಟ್ಟಿಸುವುದಿಲ್ಲ. ಈ ಉಣ್ಣಿಯಿಲ್ಲದ ಸೀಮೆಯಲ್ಲಿ ರೂಪುಗೊಂಡ ತಳಿಯನ್ನು ಉಣ್ಣಿಯ ಸೀಮೆಗೆ ತಂದು, ಅದಕ್ಕೆ ಬೇಕಾದ ರಕ್ಷಣೆ ಕೊಡದಿರುವುದು ಸಾವಿಗೆ ದಾರಿ ಮಾಡುತ್ತದೆ.

ಇನ್ನು ಬದುಕಿನ ಲೆಕ್ಕವಿದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡಿದು, ಹಣ ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅಂದಿನಿಂದ ಜಮಖಂಡಿ ಭಾಗದ ಬೇಸಾಯದ ಚಹರೆ ಬದಲಾಗಿದೆ. ಘಟಪ್ರಭೆಯ ನೀರು ಮುಧೋಳಕ್ಕೆ, ಆಲಮಟ್ಟಿಯ ಹಿನ್ನೀರು ಬೀಳಗಿಯ ಅಂಚಿಗೆ ಬಂದಿದೆ. ಕಬ್ಬಿನ ಹಸಿರು ಸೋಗೆ ಕೊಟ್ಟಿಗೆಗೆ ಮೇವಾಗಿದೆ. ಆದರೆ ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ, ಅದೂ ತಡವಾಗಿ. ಡೇರಿಯ ಹಾಲಿನ ಹಣ ಮಾತ್ರ ಮನೆಯ ವಾರದ ಖರ್ಚಿಗೆ ಆಗುತ್ತದೆ. ಆ ಹಣ ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳ ದುಡಿಮೆಯದು. ಆಲಮಟ್ಟಿಯಲ್ಲಿ ಭೂಮಿ ಮುಳುಗಿ ಪುನರ್ವಸತಿ ಕೇಂದ್ರ ಸೇರಿದ ಕುಟುಂಬಕ್ಕೆ ಎರಡು ಹಾಲಿನ ಆಕಳು ಎಷ್ಟು ದೊಡ್ಡ ಆಸರೆ ಎಂಬುದನ್ನು ಹೊರಗಿನವರು ಊಹಿಸಲಾರರು. ಅವರಿಗೆ ಎಚ್‌ಎಫ್ ಬಿಡಿ ಎಂದು ಉಪದೇಶಿಸುವುದು ಸುಲಭ. ಎಚ್‌ಎಫ್ ಉಳಿಸಿಕೊಳ್ಳುವ ದಾರಿ ಹೇಳುವುದು ನಮ್ಮ ಕರ್ತವ್ಯ.

ಮೂರನೆಯ ಆಕ್ಷೇಪ ಹೆಮ್ಮೆಗೆ ಸಂಬಂಧಿಸಿದ್ದು: ನಮ್ಮ ತಳಿಗೂ ರೋಗ ಬರುತ್ತದೆ ಎಂದರೆ ಅದಕ್ಕೆ ಅವಮಾನ ಮಾಡಿದಂತಾಗದೇ? ಇದೇ ಮಾತನ್ನು ಮುಧೋಳದ ನಾಯಿಯ ವಿಷಯದಲ್ಲೂ ಕೇಳುತ್ತೇವೆ. ಸೇನೆಯವರೆಗೂ ಹೋಗಿರುವ ಆ ತಳಿಯ ಓಟ, ತಾಳಿಕೆ ಎರಡೂ ದೊಡ್ಡವು. ಹಾಗಿದ್ದೂ ಅದರ ಕೆಂಪು ರಕ್ತಕಣಕ್ಕೂ ನಾಯಿಯ ಉಣ್ಣಿ ಬಬೇಸಿಯಾ ಎಂಬ ಪರೋಪಜೀವಿಯನ್ನು ದಾಟಿಸಬಲ್ಲದು. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇರುವುದು ತಳಿಯ ಮೇಲಿನ ಅಪನಂಬಿಕೆಯಿಂದಲ್ಲ, ಅದರ ಮೇಲಿನ ಕಾಳಜಿಯಿಂದ. ಕಾಳಜಿ ಮಾಡುವುದು ಅವಮಾನವಲ್ಲ. ರೋಗವೇ ಬರುವುದಿಲ್ಲವೆಂದು ಅಲಕ್ಷಿಸುವುದು ದೊಡ್ಡ ಅನ್ಯಾಯ.

ಈ ತಿಳಿವಳಿಕೆ ಕೊಟ್ಟಿಗೆಯಲ್ಲಿ ಏನನ್ನು ಬದಲಿಸಬೇಕು? ಮೊದಲನೆಯದಾಗಿ, ಉಣ್ಣಿಯ ಔಷಧ ಕೊಟ್ಟಿಗೆಯ ಎಲ್ಲ ದನಗಳಿಗೂ ಒಂದೇ ದಿನ ಆಗಬೇಕು. ಜವಾರಿ, ಎತ್ತು, ಎಮ್ಮೆ ಯಾವುದನ್ನೂ ಬಿಡಬಾರದು. ಥೈಲೇರಿಯಾ ಉಣ್ಣಿಯ ಜೊಲ್ಲುಗ್ರಂಥಿಯಲ್ಲಿ ಪಕ್ವವಾಗಲು, ಉಣ್ಣಿ ಕಚ್ಚಿ ಕುಳಿತ ಮೇಲೆ ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಆದ್ದರಿಂದ ದಿನವೂ ಕಿವಿಯೊಳಗೆ, ಕೆಚ್ಚಲ ಸುತ್ತ, ಬಾಲದ ಬುಡದಲ್ಲಿ ಕೈಯಾಡಿಸಿ ನೋಡುವ ಹಳೆಯ ಪದ್ಧತಿಗೆ ಬಲವಾದ ಕಾರಣವಿದೆ. ಕಿತ್ತ ಉಣ್ಣಿಯನ್ನು ಬರಿಗೈಯಲ್ಲಿ ಹಿಸುಕಬಾರದು. ಥೈಲೇರಿಯಾ ಮನುಷ್ಯರಿಗೆ 
ಬರುವುದಿಲ್ಲ, ಆದರೆ ಇದೇ ಹಯಲೊಮಾ ಬಳಗದ ಉಣ್ಣಿ ಹರಡುವ ಕ್ರೈಮಿಯನ್-ಕಾಂಗೊ ಜ್ವರ 2011ರಲ್ಲಿ ಗುಜರಾತಿನಲ್ಲಿ ಜೀವ ತೆಗೆದಿದೆ.

ಎರಡನೆಯದಾಗಿ, ಗೋಡೆಯನ್ನು ನೋಡಬೇಕು. ರಕ್ತ ಕುಡಿದು ಬಿದ್ದ ಈ ಉಣ್ಣಿ ಕಲ್ಲು-ಮಣ್ಣಿನ ಗೋಡೆಯ ಸಂದುಗಳಲ್ಲಿ ಅಡಗಿ ಪೊರೆ ಕಳಚುತ್ತದೆ. ದನದ ಮೈಗೆ ಔಷಧ ಹಾಕಿ ಗೋಡೆಯ ಬಿರುಕು ಹಾಗೇ ಬಿಟ್ಟರೆ ಮುಂದಿನ ತಿಂಗಳು ಮತ್ತೆ ಅದೇ ಕಥೆ. ಸಂದುಗಳನ್ನು ಮೆತ್ತಿ ಮುಚ್ಚುವುದು ಯಾವ ಚುಚ್ಚುಮದ್ದಿಗೂ ಕಡಿಮೆಯಲ್ಲದ ಚಿಕಿತ್ಸೆ. ಕಬ್ಬಿಗೆ, ಮೆಕ್ಕೆಜೋಳಕ್ಕೆ ಹೊಡೆಯುವ ಎಣ್ಣೆಯನ್ನು ಮಾತ್ರ ದನದ ಮೈಗೆ ಹಚ್ಚಬೇಡಿ. ಅದು ದನಕ್ಕೂ ವಿಷ, ಹಾಲಿಗೂ ವಿಷ. 2019ರ ಆಗಸ್ಟಿನ ಪ್ರವಾಹದಲ್ಲಿ ಆದಂತೆ ಹಲವು ಮನೆಗಳ ದನಗಳು ಒಂದೆಡೆ ನಿಲ್ಲಬೇಕಾದಾಗ ಈ ಎಚ್ಚರ ಇಮ್ಮಡಿಯಾಗಬೇಕು.

ಮೂರನೆಯದಾಗಿ, ಜ್ವರ ಬಂದ ಎಚ್‌ಎಫ್ ಆಕಳಿಗೆ ಬರೀ ಜ್ವರ ಇಳಿಸುವ ಸೂಜಿ ಹಾಕಿಸಿ ದಿನ ನೂಕಬಾರದು. ಕಿವಿಯ ರಕ್ತದ ಅಥವಾ ಉಬ್ಬಿದ ಗಂಟಿನ ರಸದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಪರೀಕ್ಷಿಸಿದರೆ ಥೈಲೇರಿಯಾ ಕಾಣುತ್ತದೆ. ಬ್ಯೂಪಾರ್ವಕ್ವೋನ್ ಎಂಬ ಔಷಧ ಕೋಶದೊಳಗೆ ಕುಳಿತ ಪರೋಪಜೀವಿಯ ಉಸಿರಾಟದ ವ್ಯವಸ್ಥೆಯನ್ನೇ ಕೆಡಿಸಿ ಅದನ್ನು ಕೊಲ್ಲುತ್ತದೆ. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಅದು ದುಬಾರಿಯೆಂದು ಆಕಳಿನ ತೂಕಕ್ಕೆ ತಕ್ಕ ಪ್ರಮಾಣಕ್ಕಿಂತ ಕಡಿಮೆ ಹಾಕಿಸುವುದು ಅಪಾಯ. ಟ್ಯುನೀಸಿಯಾ, ಇರಾನ್, ಟರ್ಕಿಗಳಲ್ಲಿ ಈ ಔಷಧಕ್ಕೆ ಬಗ್ಗದ ಥೈಲೇರಿಯಾ ಈಗಾಗಲೇ ಕಂಡಿದೆ.

ಕೊನೆಯದಾಗಿ ಲಸಿಕೆ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ತಯಾರಿಸಿದ ರಕ್ಷಾವ್ಯಾಕ್-ಟಿ ಎಂಬ ಲಸಿಕೆಯಲ್ಲಿ ಇರುವುದು ಸೋಂಕಿತ ದನದ ಕೋಶಗಳೇ. ಪ್ರಯೋಗಾಲಯದಲ್ಲಿ ತಲೆಮಾರುಗಳ ಕಾಲ ಬೆಳೆಸುತ್ತ ಹೋದಾಗ ಅವು ಮೈತುಂಬ ಹರಡುವ ಬಲ ಕಳೆದುಕೊಳ್ಳುತ್ತವೆ. ರಕ್ಷಣೆ ಕಲಿಸುವ ಗುಣ ಉಳಿಯುತ್ತದೆ. ಜವಾರಿ ಕರು ಎಳವೆಯಲ್ಲಿ ನಿಸರ್ಗದಿಂದ ಪಡೆಯುವ ಪಾಠವನ್ನು ಈ ಲಸಿಕೆ ಮಿಶ್ರತಳಿ ಕರುವಿಗೆ ಕೊಡುತ್ತದೆ. ಒಂದು ತೊಡಕಿದೆ: ಅದನ್ನು ದ್ರವ ಸಾರಜನಕದಲ್ಲಿಯೇ ಇಡಬೇಕು, ಕರಗಿಸಿದ ಮೇಲೆ ಬೇಗ ಬಳಸಿ ಮುಗಿಸಬೇಕು. ಆದರೆ ಕೃತಕ ಗರ್ಭಧಾರಣೆಯ ವೀರ್ಯವೂ ದ್ರವ ಸಾರಜನಕದ ಪಾತ್ರೆಯಲ್ಲಿಯೇ ನಮ್ಮ ಹಳ್ಳಿಗಳಿಗೆ ಬರುತ್ತಿದೆ. ಎಚ್‌ಎಫ್ ಕರು ಹುಟ್ಟಿಸಲು ಹಳ್ಳಿಯವರೆಗೆ ಹೋಗುವ ವ್ಯವಸ್ಥೆ, ಹುಟ್ಟಿದ ಕರುವನ್ನು ಉಳಿಸಲೂ ಹೋಗಬಲ್ಲದು. ಪಶುಪಾಲನಾ ಇಲಾಖೆಯೂ ವಿಜಯಪುರ-ಬಾಗಲಕೋಟೆ ಹಾಲು ಒಕ್ಕೂಟವೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ರೈತ ಬಂಧುಗಳಲ್ಲಿ, ಅದರಲ್ಲೂ ದಿನವೂ ಕೊಟ್ಟಿಗೆ ಬಳಿಯುವ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟು. ಜವಾರಿ ಆಕಳಿನ ಮೇಲಿನ ಅಭಿಮಾನ ಬಿಡಬೇಡಿ, ಅದಕ್ಕೆ ರೋಗ ಬರುವುದಿಲ್ಲ ಎಂಬ ಮಾತನ್ನು ಬಿಡಿ. ಮುಂಗಾರಿನ ಹೊಸ್ತಿಲಲ್ಲಿ, ಉಣ್ಣಿ ಏರುವ ಹೊತ್ತಿಗೇ, ಕಾರಹುಣ್ಣಿಮೆ ಬರುತ್ತದೆ. ಅಂದು ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚುವ ಮುನ್ನ ಎಲ್ಲ ದನಗಳ ಮೈಯನ್ನೂ ಒಮ್ಮೆ ನೋಡಿ, ಉಣ್ಣಿ ತೆಗೆಯಿರಿ, ಗೋಡೆಯ ಸಂದು ಮುಚ್ಚಿ. ಜವಾರಿ ಆಕಳಿನ ಮೈಮೇಲಿನ ಉಣ್ಣಿ ತೆಗೆದಿರೆಂದರೆ ಎಚ್‌ಎಫ್ ಆಕಳಿನ ಅರ್ಧ ಚಿಕಿತ್ಸೆ ಮುಗಿದಂತೆಯೇ.